ಸೊನ್ನೆಗೆ ಚೀಟಿ ಇಲ್ಲ

ಬ್ಯಾಟರಿ ಇರಬೇಕಾದ ನನ್ನ ಹೊಟ್ಟೆಯಲ್ಲಿ ಈಗ ಇರುವುದು ಕಿಚ್ಚು ಮಾತ್ರ. ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ, ನಾನು ಕಂಡವರನ್ನೆಲ್ಲ ಕರುಬುವ ಜಾತಿ. ಕುಡಿದು ಗಾಡಿ ಓಡಿಸುವವರ ಉಸಿರು ಅಳೆಯುವ ಯಂತ್ರ ನಾನು. ಕಾಗದದಲ್ಲಿ ನನಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಜನ ಕರೆಯುವುದು ಊದೋ ಮಷಿನ್ ಎಂದು.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ನೀಲಿ ಕೋಟು ತೊಟ್ಟ ಹುಡುಗಿಯೊಬ್ಬಳು ನನ್ನ ಮೂತಿಗೆ ಬಿಳಿ ನಳಿಕೆ ಸಿಕ್ಕಿಸಿ, ಕೆನ್ನೆ ಉಬ್ಬಿಸಿ ಊದಿದಳು. ಅವಳು ಕುಡಿದಿದ್ದದ್ದು ಬರೀ ಚಹಾ. ನಾನು ಸೊನ್ನೆ ತೋರಿಸಿದೆ. "ಸೊನ್ನೆ ಬಂತು!" ಎಂದು ನಕ್ಕು, ಆ ಸೊನ್ನೆಯ ಚೀಟಿಯನ್ನು ನನ್ನ ಪೆಟ್ಟಿಗೆಗೆ ಅಂಟಿಸಿ ಕಳಿಸಿದಳು. ನನ್ನ ಬಾಯಿಂದ ಬಂದದ್ದನ್ನು ಓದಿ ಯಾರಾದರೂ ನಕ್ಕಿದ್ದು ಅದೇ ಮೊದಲು, ಅದೇ ಕೊನೆ.

ಅಲ್ಲಿಂದ ಹೆದ್ದಾರಿ ಬದಿಯ ಒಂದು ತಾಲ್ಲೂಕು ಊರಿನ ಠಾಣೆಗೆ ಬಂದೆ. ಹೆಡ್ ಕಾನ್‌ಸ್ಟೇಬಲ್ ಗವಿರಂಗಪ್ಪ ನನ್ನ ಯಜಮಾನ. ನನ್ನನ್ನು ಕರ್ಚೀಫಿನಲ್ಲಿ ಒರೆಸಿ ಒರೆಸಿ ಇಡುತ್ತಿದ್ದ. ಅವನಿಗೆ ಒಂದೇ ಒಂದು ಜಿಪುಣತನ. ಸೊನ್ನೆ ಬಂದರೆ ಚೀಟಿ ತೆಗೆಯುತ್ತಿರಲಿಲ್ಲ. "ಹೋಗಯ್ಯ, ಸುಮ್ನೆ ಕಾಗದ ದಂಡ" ಎಂದು ಕೈ ಬೀಸಿ ಕಳಿಸಿಬಿಡುತ್ತಿದ್ದ. ಕಾನೂನಿನ ಮಿತಿಯಾದ ಮೂವತ್ತು ದಾಟಿದರೆ ಮಾತ್ರ ಗುಂಡಿ ಒತ್ತುತ್ತಿದ್ದ. ಹಾಗಾಗಿ ನನ್ನ ಬಾಯಿಂದ ಹೊರಬಿದ್ದ ಚೀಟಿಗಳೆಲ್ಲ ಯಾರದೋ ಮುಖ ಇಳಿಸಿದ ಚೀಟಿಗಳೇ.

ಒಂದು ಸಂಜೆ ಬೀಗರ ಔತಣ ಮುಗಿಸಿ ಬರುತ್ತಿದ್ದ ಟೆಂಪೋ ಡ್ರೈವರ್ ಈರತಿಮ್ಮಯ್ಯ ಸಿಕ್ಕಿಬಿದ್ದ. ಬಾಯಿತುಂಬ ಎಲೆಯಡಿಕೆ, ಅದರ ಮೇಲೆ ಏಲಕ್ಕಿ. ಊದು ಎಂದರೆ ಉಸಿರನ್ನು ಒಳಗೆ ಎಳೆದುಕೊಂಡ.

"ಏಯ್, ಎಳ್ಕೊಳಕ್ಕೆ ಇದೇನು ಬೀಡಿನಾ? ಊದಯ್ಯಾ!" ಎಂದು ಗವಿರಂಗಪ್ಪ ರೇಗಿದ.

ಊದಿದ. ನೂರು ಮಿಲಿಲೀಟರ್ ರಕ್ತಕ್ಕೆ ಅರವತ್ತೆರಡು ಮಿಲಿಗ್ರಾಂ. ಮೂವತ್ತರ ಎರಡು ಪಟ್ಟಿಗೂ ಹೆಚ್ಚು. ಚೀಟಿ ಬಂತು.

ಆ ಚೀಟಿಯ ಮೇಲೆ ನನ್ನ ಹೊಟ್ಟೆ ಉರಿಯತೊಡಗಿದ್ದು ಮರುವಾರದಿಂದ. ಹೆತ್ತವಳು ನಾನು, ಮೆರೆದದ್ದು ಅದು. ಅದಕ್ಕೆ ಸಹಿ, ಅದಕ್ಕೆ ಮೊಹರು, ಅದನ್ನು ಕಡತದಲ್ಲಿ ಹೊಲಿದು ಕೋರ್ಟಿಗೆ ಒಯ್ದರು. ಗವಿರಂಗಪ್ಪ ವಾಪಸು ಬಂದು ಠಾಣೆಯಲ್ಲಿ ಕಥೆ ಹೇಳಿದ. ಜಡ್ಜ್ ಸಾಹೇಬರು ಚೀಟಿಯನ್ನು ಕೈಯಲ್ಲಿ ಹಿಡಿದು ಓದಿದರಂತೆ. ಈರತಿಮ್ಮಯ್ಯ ಕೈಮುಗಿದು, "ತಪ್ಪಾಯ್ತು ಬುದ್ಧಿ, ಒಪ್ಕೊಂಡೆ" ಎಂದನಂತೆ. ಹತ್ತು ಸಾವಿರ ದಂಡ, ಆರು ತಿಂಗಳು ಲೈಸೆನ್ಸ್ ಅಮಾನತು. ದಂಡ ಕಟ್ಟಿ ಹೊರಬಂದವನೇ ಹೆಂಡತಿಗೆ ಫೋನು ಹಚ್ಚಿ, "ಕೇಸು ಖುಲಾಸೆ ಆಯ್ತು ಕಣೇ" ಎಂದನಂತೆ. ಠಾಣೆಯವರೆಲ್ಲ ನಕ್ಕರು. ನನಗೆ ಆ ಪದ ಆಗ ಅರ್ಥವಾಗಲಿಲ್ಲ. ಚೀಟಿ ಕಂಡ ಕೋರ್ಟನ್ನು ನಾನು ಕಾಣಲಿಲ್ಲವಲ್ಲ ಎಂಬ ಸಂಕಟದಲ್ಲೇ ಇದ್ದೆ.

ನನಗೂ ಕಾಲ ಬಂತು. ಹಾರ್ಡ್‌ವೇರ್ ಅಂಗಡಿಯ ಮಾಲೀಕನೊಬ್ಬ ಜೋರಾಗಿಯೇ ಊದಿದ್ದ, ಜೋರಾಗಿಯೇ ವಕೀಲರನ್ನೂ ಇಟ್ಟ. "ಚೀಟಿ ಸಾಲದು, ಆ ಮಷಿನ್ನೇ ತರಿಸಿ ಸ್ವಾಮಿ" ಎಂದರು ವಕೀಲರು. ಮದುವೆ ಹೆಣ್ಣಿನ ಹಾಗೆ ಜೀಪಿನಲ್ಲಿ ಕೂತು ಹೋದೆ. ಕೊರಳಿಗೆ ದಾರ ಕಟ್ಟಿ, ನಂಬರು ಬರೆದ ಚೀಟಿ ತೂಗಿಬಿಟ್ಟು, ಮುದ್ದೆಮಾಲು ಎಂದು ಹೆಸರಿಟ್ಟರು. ಕೇಸಿಗೆ ಸಾಕ್ಷಿಯಾಗಿ ಕೋರ್ಟಿನ ವಶಕ್ಕೆ ಬಂದ ವಸ್ತುಗಳಿಗೆಲ್ಲ ಅದೇ ಹೆಸರು. ನಾನು ಬೀಗುತ್ತ ಕೂತಿದ್ದೆ. ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ಈ ಯಂತ್ರವನ್ನು ಕೊನೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ? ಗವಿರಂಗಪ್ಪ ತಲೆ ಕೆರೆದುಕೊಂಡ. ಪ್ರಮಾಣಪತ್ರದ ಅವಧಿ ಮುಗಿದಿತ್ತು. ನನ್ನ ಮಾತನ್ನು ನಂಬುವ ಹಾಗಿಲ್ಲ, ಆರೋಪ ಸಾಬೀತಾಗಿಲ್ಲ, ಖುಲಾಸೆ ಎಂದರು ಸಾಹೇಬರು. ಆಗ ಗೊತ್ತಾಯಿತು ನನಗೆ ಆ ಪದದ ತೂಕ. ಖುಲಾಸೆ ಎಂದರೆ ಕೇಸು ಮುಗಿಯಿತು ಎಂದಲ್ಲ, ನಿನ್ನ ಮೇಲೆ ತಪ್ಪು ನಿಲ್ಲಲಿಲ್ಲ ಎಂದು.

ಅಂಗಡಿ ಮಾಲೀಕ ಮೀಸೆ ತಿರುವುತ್ತ ಮನೆಗೆ ಹೋದ. ನನ್ನನ್ನು ಮಾತ್ರ ಯಾರೂ ಕರೆದೊಯ್ಯಲಿಲ್ಲ. ಠಾಣೆಗೆ ಹೊಸ ಯಂತ್ರ ಬಂತು. ಅದಕ್ಕೆ ಕ್ಯಾಮೆರಾ ಬೇರೆ ಇದೆಯಂತೆ, ಅದರ ಮುಖಕ್ಕಿಷ್ಟು! ಮುದ್ದೆಮಾಲಿನ ಕೋಣೆ ತುಂಬಿತ್ತೆಂದು ನನ್ನನ್ನು ಕೋರ್ಟಿನ ದಾಖಲೆ ಕೋಣೆಯ ಕಬ್ಬಿಣದ ರ‍್ಯಾಕಿನ ಮೇಲೆ ಎಸೆದರು. ಕೆಳಗಿನ ಹಲಗೆಯಲ್ಲಿ ಕಡತಗಳು. ಎಲ್ಲವೂ ನನ್ನ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡ ಕಡತಗಳು. ಅವುಗಳನ್ನು ಹುಡುಕಿಕೊಂಡು ದಿನವೂ ಜನ ಬರುತ್ತಿದ್ದರು. ನನ್ನನ್ನು ಕೇಳಿಕೊಂಡು ಒಂದು ನರಪಿಳ್ಳೆಯೂ ಬರಲಿಲ್ಲ. ಜನ ಬಂದವರೇ ಮೊದಲು ನೋಡುತ್ತಿದ್ದದ್ದು ಮೇಜಿನ ಮೇಲಿನ ಕಂಪ್ಯೂಟರನ್ನು. ಅದನ್ನು ಕಂಡರಂತೂ ನನಗೆ ಮೈಯೆಲ್ಲ ಉರಿ.

ಒಂದು ಬೆಳಿಗ್ಗೆ ಈರತಿಮ್ಮಯ್ಯ ಬಂದ. ಕೂದಲು ನರೆತಿತ್ತು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ದಾಖಲೆ ನೋಡಿಕೊಳ್ಳುವ ಜಬೀನ್ ಮೇಡಮ್ ಎದುರು ನಿಂತು ಕೈಮುಗಿದ.

"ಮೇಡಮ್ನೋರೇ, ಇಸ್ಕೂಲ್ ವ್ಯಾನಿಗೆ ಡ್ರೈವರ್ ಕೆಲಸ ಸಿಕ್ತಾ ಐತೆ. ಹಳೇ ಕೇಸ್ ಏನಾತು ಅಂತ ಕೋರ್ಟಿನ ಕಾಗದ ತಂದ್ರೇ ಕೆಲಸ ಅಂತಾರೆ ಹೆಡ್ ಮೇಡಮ್ಮು. ನಾಳೆ ಕೊನೇ ದಿನ."

"ಕೇಸ್ ನಂಬರ್?"

"ಅದೆಲ್ಲ ನಂಗೇನ್ ಗೊತ್ತು?"

ಮೇಡಮ್ ಅವನ ಹೆಸರನ್ನು ಇಂಗ್ಲಿಷಿನಲ್ಲಿ ಕುಟ್ಟಿದರು. ಕಂಪ್ಯೂಟರು ಇಲ್ಲ ಎಂದಿತು. ಒಂದು ಅಕ್ಷರ ಹೆಚ್ಚು ಹಾಕಿದರು, ಇನ್ನೊಮ್ಮೆ ಕಡಿಮೆ ಮಾಡಿದರು. ಇಲ್ಲ, ಇಲ್ಲ. ನನಗೆ ಕುಣಿಯುವಷ್ಟು ಖುಷಿ. ಈರತಿಮ್ಮಯ್ಯನಿಗೂ ಖುಷಿ. "ಇಲ್ಲ ಅಂದ್ರೆ ಕೇಸೇ ಇಲ್ಲ ಅಂತ ಅಲ್ವರಾ?" ಎಂದ.

"ಹಂಗಲ್ಲ ಕಣ್ರೀ, ಸಿಗ್ಲಿಲ್ಲ ಅಂತ. ಯಾವ ಠಾಣೆ? ಯಾವ ವರ್ಷ?"

ಠಾಣೆ, ಇಸವಿ ಕೊಟ್ಟು ಹುಡುಕಿದಾಗ ಪಟ್ಟಿ ಬಂತು. ಮೇಡಮ್ ಬೆರಳಿಟ್ಟು ಇಳಿಸುತ್ತ ಬಂದು ನಕ್ಕರು. "ಇಲ್ಲಿದೀರ ನೋಡಿ. ಈರತಿಮ್ಮಯ್ಯ ಅಂತ ನೀವು ಹೇಳಿದ್ದನ್ನ ಠಾಣೇಲಿ ಶುದ್ಧ ಮಾಡಿ ವೀರತಿಮ್ಮಯ್ಯ ಅಂತ ಬರೆದವ್ರೆ!" ಈರನನ್ನು ವೀರ ಮಾಡಿದ್ದು ನನ್ನ ಗವಿರಂಗಪ್ಪನೇ. ಅಕ್ಷರದ ವಿಷಯದಲ್ಲಿ ಅವನಿಗೆ ಬಲು ಮಡಿ.

ಕಡತ ಕೆಳಗಿಳಿಯಿತು. ಮೇಡಮ್ ಬಿಚ್ಚಿದಾಗ ನನ್ನ ಚೀಟಿ ಕಂಡಿತು. ಇಷ್ಟು ವರ್ಷ ನಾನು ಕರುಬಿದ ಚೀಟಿ ಬೆಳ್ಳಗೆ ಬಿಳುಚಿಕೊಂಡಿತ್ತು. ಆ ಜಾತಿಯ ಕಾಗದದ ಮೇಲಿನ ಅಕ್ಷರ ಬಹಳ ಕಾಲ ನಿಲ್ಲುವುದಿಲ್ಲ. ಅರವತ್ತೆರಡೂ ಇಲ್ಲ, ದಿನಾಂಕವೂ ಇಲ್ಲ. ಚೆನ್ನಾಗಿ ಆಯಿತು ಎಂದುಕೊಂಡೆ. ಆಮೇಲೆ ಯಾಕೋ ಸಂಕಟವಾಯಿತು. ಎಷ್ಟಾದರೂ ನಾನು ಹೆತ್ತದ್ದು.

ಈರತಿಮ್ಮಯ್ಯನ ಕಣ್ಣು ಅರಳಿತು. "ಏನೂ ಇಲ್ವಲ್ಲ ಮೇಡಮ್ಮೋರೇ ಇದ್ರಲ್ಲಿ! ಖುಲಾಸೆ ಅಂತ ಬರ್ಕೊಟ್ಬುಡಿ. ಅರ್ಜೀಲೂ ನಾನು ಅಂಗೇ ಬರ್ದಿವ್ನಿ."

ಮೇಡಮ್ ಕನ್ನಡಕ ತೆಗೆದರು. "ಅರ್ಜೀಲಿ ಖುಲಾಸೆ ಅಂತ ಬರೆದ್ರಾ?"

"ದಂಡ ಕಟ್ಟಿವ್ನಲ್ಲ. ಕಟ್ಟಿದ್ಮೇಲೆ ಖುಲಾಸೆ ತಾನೆ?"

"ಅಯ್ಯೋ, ಅಲ್ಲ ಕಣ್ರೀ. ತಪ್ಪೇ ಇಲ್ಲ ಅಂತ ಸಾಹೇಬ್ರು ಬಿಟ್ರೆ ಖುಲಾಸೆ. ನೀವು ತಪ್ಪು ಒಪ್ಕೊಂಡ್ರಿ, ಶಿಕ್ಷೆ ಆಯ್ತು, ಕೇಸು ವಿಲೇವಾರಿ ಆಯ್ತು. ಚೀಟಿ ಅಳಿಸೋಗಿದ್ರೂ ಸಾಹೇಬ್ರ ಆದೇಶ ಇಲ್ಲೇ ಐತೆ, ನೋಡಿ. ಮೊದಲ್ನೇ ಸಲಕ್ಕೆ ಆರು ತಿಂಗಳ ತನಕ ಜೈಲು, ಇಲ್ಲಾ ಹತ್ತು ಸಾವಿರ, ಇಲ್ಲಾ ಎರಡೂ. ನಿಮಗೆ ದಂಡದಲ್ಲೇ ಮುಗೀತು. ಇನ್ನೊಂದು ಸಲ ಸಿಕ್ಕಿಬಿದ್ರೆ ಹದಿನೈದು ಸಾವಿರ, ಎರಡು ವರ್ಷದ ತನಕ ಜೈಲು. ಆವಾಗ ಈ ಹಳೇ ಕಡತಾನೇ ಎದ್ದು ಬಂದು ನಿಮ್ಮ ಎದುರು ನಿಲ್ಲುತ್ತೆ."

ಈರತಿಮ್ಮಯ್ಯ ಬೆಂಚಿನ ಮೇಲೆ ಕುಸಿದ. "ಅಂಗಾದ್ರೆ ನಾನು ಸುಳ್ಳು ಬರ್ದಂಗಾತಲ್ಲವ್ವ. ಅವತ್ತಿಂದ ಒಂದ್ ತೊಟ್ಟು ಮುಟ್ಟಿಲ್ಲ. ಇದ್ರಲ್ಲಿ ಅದು ಎಲ್ಲಾದ್ರೂ ಬರ್ದೈತಾ?"

ಎಲ್ಲೂ ಬರೆದಿರಲಿಲ್ಲ. ಕೋರ್ಟಿನ ಕಡತದಲ್ಲಿ ಕುಡಿದ ಸಂಜೆ ಇರುತ್ತದೆ, ಕುಡಿಯದ ಸಂಜೆಗಳಿರುವುದಿಲ್ಲ.

ತಲೆ ಎತ್ತಿದಾಗ ನಾನು ಅವನ ಕಣ್ಣಿಗೆ ಬಿದ್ದೆ. ದಾರ ಕಟ್ಟಿದ ನನ್ನ ಕೊರಳನ್ನೇ ನೋಡುತ್ತ ಎದ್ದು ಬಂದ. "ಇದು ಆ ಮಷಿನ್ನಲ್ವಾ? ಒಂದ್ ಸಲ ಊದ್ಲಾ ಮೇಡಮ್? ಆ ಚೀಟಿ ಜೊತೀಗೆ ಇವತ್ತಿನ ಚೀಟೀನೂ ಕೊಡಿ."

"ಅದು ಸತ್ತು ಎಷ್ಟೋ ವರ್ಷ ಆಯ್ತು. ಮುದ್ದೆಮಾಲು, ಮುಟ್ಟಂಗಿಲ್ಲ" ಎಂದರು ಮೇಡಮ್. ಅಷ್ಟರಲ್ಲಿ ಅವನು ಮುಖ ಹತ್ತಿರ ತಂದು ಊದಿಯೇಬಿಟ್ಟಿದ್ದ. ಧೂಳು ಹಾರಿತು. ಮಂಡಕ್ಕಿ ಒಗ್ಗರಣೆಯ ವಾಸನೆ, ಹಸಿಮೆಣಸಿನಕಾಯಿಯ ಘಾಟು, ಅದರಾಚೆಗೆ ಏನೂ ಇಲ್ಲ. ಅದು ಅಪ್ಪಟ ಸೊನ್ನೆ. ಹೇಳಬೇಕೆಂದು ಒದ್ದಾಡಿದೆ. ಬ್ಯಾಟರಿ ಇಲ್ಲದ ಹೊಟ್ಟೆಯಿಂದ ಒಂದು ಮಿಣುಕು ಬೆಳಕೂ ಬರಲಿಲ್ಲ.

ಸಂಜೆಯ ಹೊತ್ತಿಗೆ ಆದೇಶದ ದೃಢೀಕೃತ ನಕಲು ಅವನ ಕೈ ಸೇರಿತು. ಹೊಸ ಕಾಗದ, ಕೆಂಪು ಮೊಹರು. ಅದರ ಮೇಲೂ ಕರುಬಿದೆ. "ಅರ್ಜೀನ ನಾನೇ ತಿದ್ದಿ ಕೊಡ್ತೀನಿ. ಕೆಲಸ ಹೋದ್ರೆ ಹೋಗ್ಲಿ" ಎಂದು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ.

ಕೆಲವು ತಿಂಗಳ ಮೇಲೆ ಹಳೆಯ ಮುದ್ದೆಮಾಲನ್ನೆಲ್ಲ ಗುಜರಿಗೆ ಹಾಕಲು ಆದೇಶವಾಯಿತು. ಸಾಹೇಬರ ಎದುರು ನನ್ನ ಹೆಸರನ್ನೂ ಓದಿದರು: ಉಸಿರು ತಪಾಸಣೆ ಯಂತ್ರ, ಒಂದು, ಕೆಲಸಕ್ಕೆ ಬಾರದ್ದು, ವಿಲೇವಾರಿ. ಕೋರ್ಟಿನಲ್ಲಿ ನನ್ನ ಹೆಸರು ಕೇಳಬೇಕೆಂದು ಎಷ್ಟು ಹಂಬಲಿಸಿದ್ದೆ! ಸಿಕ್ಕಿದ್ದು ಈರತಿಮ್ಮಯ್ಯನಿಗೆ ಸಿಕ್ಕಿದ ಪದವೇ.

ನನ್ನನ್ನು ಗೋಣಿಚೀಲಕ್ಕೆ ತುಂಬುವ ದಿನ ಅವನು ಮತ್ತೆ ಬಂದಿದ್ದ, ಖಾಕಿ ಅಂಗಿ ತೊಟ್ಟು, ಜಬೀನ್ ಮೇಡಮ್ಮಿಗೆ ಮೈಸೂರುಪಾಕು ಹಿಡಿದುಕೊಂಡು. "ಹೆಡ್ ಮೇಡಮ್ಮು ಬೈದ್ರು, ಆಮೇಲೆ ಕೆಲಸ ಕೊಟ್ರು. ಒಂದೇ ಕಂಡೀಷನ್ನು. ದಿನಾ ಬೆಳಿಗ್ಗೆ ಊದಿದ್ರೇನೇ ವ್ಯಾನಿನ ಕೀ. ಅದಕ್ಕೇ ಅಂತ ಹೊಸ ಮಷಿನ್ ತಂದವ್ರೆ." ಹಾಗೆ ಹೇಳುತ್ತ ಜೇಬಿನಿಂದ ಒಂದು ಕಟ್ಟು ಚೀಟಿ ತೆಗೆದು ಮೇಜಿನ ಮೇಲೆ ಹರಡಿದ. "ನೋಡಿ ಮೇಡಮ್, ಎಲ್ಲಾ ಸೊನ್ನೆ! ಒಂದೂ ಬಿಸಾಕಿಲ್ಲ."

ಮೇಡಮ್ ನಕ್ಕರು. ಅವನೂ ನಕ್ಕ.

ನಾನು ಗೋಣಿಚೀಲದ ಬಾಯಿಂದ ನೋಡುತ್ತಿದ್ದೆ. ಕಡತ, ಕಂಪ್ಯೂಟರು, ನಕಲು, ಎಲ್ಲರನ್ನೂ ಕ್ಷಮಿಸಿಬಿಟ್ಟೆ. ಆ ಶಾಲೆಯ ಮಷಿನ್ನನ್ನು ಮಾತ್ರ ಕ್ಷಮಿಸಲಾರೆ. ಅವನ ಮೊದಲ ಸೊನ್ನೆ ನನ್ನದಾಗಿತ್ತು. ರ‍್ಯಾಕಿನ ಎದುರು ನಿಂತು ಅವನು ನನಗೇ ಊದಿದ್ದ.