ಅದಲುಬದಲಾದ ಎರಡು ಹೆಸರು

ರಕ್ತ ಪರೀಕ್ಷೆಯ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆಲ್ಲ ಆಕೆ ಒಂದೇ ಪಾಠ ಹೇಳುತ್ತಿದ್ದಳು: ಮುಖ ನೋಡಬೇಡಿ, ಕೊಳವೆಯ ಮೇಲಿನ ಚೀಟಿ ನೋಡಿ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಸ್ವಂತ ಅಣ್ಣತಮ್ಮಂದಿರ ವಿಷಯದಲ್ಲಿ ಅವಳು ಮುಖವನ್ನೇ ನೋಡಿದಳು.

ಐವತ್ತೆರಡಕ್ಕೇ ಅಪ್ಪ ಎದೆ ಹಿಡಿದುಕೊಂಡು ಹೋದ ವರ್ಷ ಇಬ್ಬರ ರಕ್ತವನ್ನೂ ಅವಳೇ ತೆಗೆದಿದ್ದಳು. ಅಣ್ಣನನ್ನು ಮನೆಯಲ್ಲಿ ಗುಂಡ ಎನ್ನುತ್ತಿದ್ದರು. ಕರಿದ ಮಾಂಸದ ತಟ್ಟೆ ಖಾಲಿಯಾಗುವ ಮೊದಲೇ ಅವನ ಕಣ್ಣು ಮುಂದಿನ ತಟ್ಟೆಯ ಮೇಲಿರುತ್ತಿತ್ತು. ತಮ್ಮನನ್ನು ಕಡ್ಡಿ ಎನ್ನುತ್ತಿದ್ದರು; ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ, ಒಣ ಬ್ರೆಡ್ಡಿನ ಊಟ. ಯಂತ್ರ ಹೇಳಿದ್ದು ಗುಂಡನ ಕೊಲೆಸ್ಟ್ರಾಲ್ ನೂರ ಎಪ್ಪತ್ತನಾಲ್ಕು, ಕಡ್ಡಿಯದು ಮುನ್ನೂರ ಹದಿನಾರು. ಅವಳಿಗೆ ನಗುವೇ ಬಂತು. ಹರಟೆಯ ಭರದಲ್ಲಿ ಚೀಟಿ ಅದಲುಬದಲು ಅಂಟಿಸಿರಬೇಕು ಅಂದುಕೊಂಡಳು. ಮತ್ತೊಮ್ಮೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ, ಹೆಸರುಗಳನ್ನು ಬದಲಿಸಿ ಸಹಿ ಹಾಕಿದಳು.

ಅಲ್ಲಿಂದ ಶುರುವಾಯಿತು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಒಂಬತ್ತು ವರ್ಷ ಗುಂಡ ಬೇಯಿಸಿದ ತರಕಾರಿ ತಿಂದು ಶಪಿಸಿದ. ಪ್ರತಿ ವರ್ಷ ಅವನ ಅಂಕಿ ಚೆನ್ನಾಗಿ ಬಂದಾಗ ಎಲ್ಲರೂ ಪಥ್ಯವನ್ನು ಹೊಗಳಿದರು. ಕಡ್ಡಿಗೆ ಅವಳೇ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಬಳಿದು ಕೊಡುತ್ತಿದ್ದಳು. "ತಿನ್ನೋ, ಮೈ ಹತ್ತಲಿ" ಅನ್ನುತ್ತಿದ್ದಳು. "ನನ್ನದು ಬಂಗಾರದ ರಕ್ತ, ಮತ್ತೆ ಯಾಕೆ ಪರೀಕ್ಷೆ?" ಎಂದು ಅವನು ನಗುತ್ತಿದ್ದ. ಹೋದ ವರ್ಷ ಅಂಗಡಿಯಲ್ಲಿ ಅಂಟು ಬಳಿಯುತ್ತಿದ್ದವನು ಹಾಗೇ ಮೇಜಿನ ಮೇಲೆ ಬಿದ್ದ. ನಲವತ್ತನಾಲ್ಕು ವಯಸ್ಸು.

ತಮ್ಮ ಸತ್ತ ಸಿಟ್ಟಿಗೆ ಗುಂಡ ಪಥ್ಯವನ್ನು ಒದ್ದು ಆರು ತಿಂಗಳು ಸಿಕ್ಕಿದ್ದೆಲ್ಲ ತಿಂದ. ಆಮೇಲೆ ನೋಡಿದರೆ ನೂರ ಎಪ್ಪತ್ತೆಂಟು. ಅಂದು ಚೀಟಿಗಳು ಸರಿಯಾಗೇ ಇದ್ದವು, ತಪ್ಪಿದ್ದು ತಾನೇ ಎಂದು ಯಂತ್ರದ ಮುಂದೆ ನಿಂತ ಅವಳಿಗೆ ಹೊಳೆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಸತ್ತವನು ಎದ್ದು ಬರುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಮಾಡಿಕೊಂಡಳು.

ಈಗ ಕಡ್ಡಿಯ ಮಗಳಿಗೆ ಇಪ್ಪತ್ತು ವರ್ಷ, ಅಂಕಿ ಮುನ್ನೂರ ನಾಲ್ಕು. ಡಾಕ್ಟರ ಎದುರು ಹುಡುಗಿ ನಡುವೆ, ಆಚೆ ಈಚೆ ಗುಂಡ ಮತ್ತು ಅವಳು. ಡಾಕ್ಟರು ಹಳೆಯ ವರದಿಗಳನ್ನು ಮಗುಚಿದರು.

"ನಿಮ್ಮ ದೊಡ್ಡಪ್ಪನಿಗೂ ಮುನ್ನೂರ ಹದಿನಾರು ಇತ್ತಲ್ಲ, ಪಥ್ಯದಲ್ಲೇ ಇಳಿದುಬಿಡ್ತು. ನಿಮ್ಮ ಮನೆತನದ ಜೀನು ಊಟದ ಮಾತು ಕೇಳುತ್ತೆ. ಮಾತ್ರೆ ಈಗ್ಲೇ ಬೇಡ. ಒಂದೆರಡು ವರ್ಷ ಕೊಬ್ಬು ಬಿಟ್ಟು ನೋಡೋಣ."

"ಅದಕ್ಕೆ ನಾನೇ ಸಾಕ್ಷಿ ಮಗಳೇ" ಎಂದ ಗುಂಡ, ಹೆಮ್ಮೆಯಿಂದ.

ಅವಳು ಬಾಯಿ ಮುಚ್ಚಿಕೊಂಡಿದ್ದರೆ ಮಾನ, ಕೆಲಸ ಎರಡೂ ಉಳಿಯುತ್ತಿದ್ದವು. ಹುಡುಗಿ ಉಳಿಯುತ್ತಿರಲಿಲ್ಲ.

"ಆ ಮುನ್ನೂರ ಹದಿನಾರು ಇವನದಲ್ಲ ಡಾಕ್ಟ್ರೇ" ಎಂದಳು. "ಇವಳಪ್ಪಂದು. ಹೆಸರು ಬದಲಾಯಿಸಿದ್ದು ನಾನೇ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಕಥೆನೇ ಬೇರೆ. ಇವರೇನು ತಿಂದ್ರೂ ಕೊಲೆಸ್ಟ್ರಾಲನ್ನ ಲಿವರ್ ಗುಡಿಸಿ ಹಾಕುತ್ತೆ. ಇವಳಪ್ಪನಿಗೆ ಹುಟ್ಟಿನಿಂದ್ಲೇ ಅರ್ಧ ಪೊರಕೆ, ಇವಳಿಗೂ ಅದೇ ಬಂದಿದೆ. ಪಥ್ಯ ಒಂದೇ ಸಾಲಲ್ಲ, ಅವರಿಗೆ ಮಾತ್ರೆ ಬೇಕೇ ಬೇಕಿತ್ತು. ಬೆಣ್ಣೆ ತಿಂದಷ್ಟೂ ಇನ್ನೂ ಏರುತ್ತೆ."

ಗುಂಡ ತಂಗಿಯ ಕಡೆ ತಿರುಗಿದ. "ನಾನು ಒಂಬತ್ತು ವರ್ಷ ಹುಲ್ಲು ತಿಂದದ್ದು ಹೋಗ್ಲಿ ಕಣೇ. ಅವನಿಗೆ ನಿನ್ನ ಕೈಯಾರೆ ಬೆಣ್ಣೆ..." ಎದ್ದು ಹೊರಗೆ ಹೋದ.

ಡಾಕ್ಟರು ಹುಡುಗಿಗೆ ಮಾತ್ರೆ ಬರೆದರು. ಶುರು ಮಾಡುವ ಮುಂಚೆ ಇನ್ನೊಂದು ಸಲ ರಕ್ತ ಬೇಕು ಎಂದರು. ಅಭ್ಯಾಸಬಲದಿಂದ ಅವಳ ಕೈ ಹುಡುಗಿಯ ತೋಳಿನತ್ತ ಹೋಯಿತು.

ಹುಡುಗಿ ತೋಳನ್ನು ಎಳೆದುಕೊಂಡಳು. "ನೀವು ಬೇಡ ಅತ್ತೆ" ಎಂದಳು, ಮೆಲ್ಲಗೆ. "ಬೇರೆ ಯಾರಾದ್ರೂ ತೆಗೀಲಿ."