ಏಳರ ಜೋಡಿ

ಆ ಬೇಕರಿಯ ಅಳಿಯನಿಗಿಂತ ದೊಡ್ಡ ಪುಕ್ಕಲನನ್ನು ಹುಡುಕಿಕೊಂಡು ಹೊರಟವರು ಭೂಮಿಯನ್ನೆಲ್ಲ ಸುತ್ತಿ ಬರಿಗೈಲಿ ವಾಪಸ್ಸು ಬರಬೇಕು. ಅವನು ಬ್ರೆಡ್ಡಿನ ವ್ಯಾನ್ ಓಡಿಸುತ್ತಿದ್ದ. ರಸ್ತೆಯಲ್ಲಿ ಒಂದು ಒಣ ಎಲೆ ಹೊರಳಿದರೂ ಸಾಕು, ಬ್ರೇಕ್ ಒತ್ತುತ್ತಿದ್ದ. ಹಿಂದೆ ಜೋಡಿಸಿಟ್ಟ ಬ್ರೆಡ್ಡುಗಳೆಲ್ಲ ಹಾರಿ ಬಂದು ಅವನ ಬೆನ್ನು ತಟ್ಟುತ್ತಿದ್ದವು. ಹೀಗಾಗಿ ಎಲ್ಲರ ಬಾಯಲ್ಲೂ ಅವನು ‘ಬ್ರೇಕ್’ ಆಗಿಬಿಟ್ಟಿದ್ದ. ಹೆಂಡತಿ ಕೂಡ ಕೋಪ ಬಂದಾಗ ಹಾಗೇ ಕರೆಯುತ್ತಿದ್ದಳು. ಕೋಪ ಅವಳಿಗೆ ಆಗಾಗ ಬರುತ್ತಿತ್ತು.

ಬೇಕರಿ ಮಾವನದು. ಮಾವ ಕಾದ ತಟ್ಟೆಯನ್ನು ಒಲೆಯಿಂದ ಬರಿಗೈಲಿ ಎಳೆದರೆ ತಟ್ಟೆಯೇ ಅಯ್ಯೋ ಅನ್ನಬೇಕು, ಅಂಥ ಕೈ. ಆದರೆ ಅವರ ಹೆಮ್ಮೆ ಆ ಕೈಯದಲ್ಲ, ತಲೆಯದು. ದಿನದಿನವೂ ಸಂಜೆ ರೇಡಿಯೋದಲ್ಲಿ ಬರುವ ಲಾಟರಿಯ ಮೂರಂಕಿಗೆ ಅವರ ಹತ್ತಿರ ಒಂದು ಲೆಕ್ಕವಿತ್ತು. ಪ್ರತಿ ಅಂಕಿಗೂ ಐದರಾಚೆ ಒಂದು ಜೋಡಿ ಇದೆ: ಸೊನ್ನೆಗೆ ಐದು, ಒಂದಕ್ಕೆ ಆರು, ಎರಡಕ್ಕೆ ಏಳು, ಮೂರಕ್ಕೆ ಎಂಟು, ನಾಲ್ಕಕ್ಕೆ ಒಂಬತ್ತು. ನಿನ್ನೆ ಬಂದ ಅಂಕಿಗಳನ್ನು ಮೇಜಿನ ಮೇಲಿನ ಹಿಟ್ಟಿನಲ್ಲಿ ಬೆರಳಿಂದ ಬರೆದು, ಒಂದೊಂದನ್ನೂ ಅದರ ಜೋಡಿಗೆ ಬದಲಿಸಿ, ಬೆಳಗಿನ ಮೊದಲ ತಟ್ಟೆಯಲ್ಲಿ ತಳ ಸೀದ ಬ್ರೆಡ್ಡುಗಳನ್ನು ಎಣಿಸಿ ಕೊನೆಯ ಅಂಕಿಗೆ ಸೇರಿಸಬೇಕು. ಬಂದದ್ದೇ ಆ ದಿನದ ನಂಬರು. ಲೋಕದ ಗಣಿತಜ್ಞರೆಲ್ಲ ಈ ಒಲೆಯ ಮುಂದೆ ಬಂದು ಕೈಕಟ್ಟಿ ನಿಲ್ಲಬೇಕು ಎಂದು ಮಾವ ಹೇಳುತ್ತಿದ್ದರು. ಬಂದು ನಿಂತದ್ದು ಹಿಟ್ಟು ನಾದುವವನೊಬ್ಬನೇ. ಅವನಿಗೆ ಬೇರೆಲ್ಲೂ ಜಾಗವಿರಲಿಲ್ಲ.

ಚೀಟಿ ಕೊಳ್ಳುವುದು ಅಳಿಯನ ಕೆಲಸ. ಲಾಟರಿ ಅಂಗಡಿ ವ್ಯಾನಿನ ದಾರಿಯಲ್ಲೇ ಇತ್ತು. ಮಾವನ ಕಟ್ಟಪ್ಪಣೆಯೊಂದಿತ್ತು: ಡ್ರಾ ಆಗುವ ಮುಂಚೆ ಚೀಟಿಯನ್ನು ಯಾರೂ ಬಿಡಿಸಿ ನೋಡಬಾರದು, ಕಣ್ಣು ಬಿದ್ದರೆ ನಂಬರು ಹಾಳು. ಮಡಿಸಿ ಜೇಬಿನಲ್ಲಿಟ್ಟುಕೊಂಡು ಬರಬೇಕು. ಸೋತರೆ ಮಡಿಸಿದ ಹಾಗೇ ಒಲೆಗೆ ಹಾಕಬೇಕು. ಸೋತ ಚೀಟಿ ಉಳಿದರೆ ನಾಳಿನ ನಂಬರಿಗೂ ಸೋಲು ಅಂಟುತ್ತದಂತೆ.

ಲಾಟರಿ ಅಂಗಡಿಯ ಬಾಗಿಲಲ್ಲಿ ಒಂದು ನಾಯಿಯನ್ನು ಕಟ್ಟಿರುತ್ತಿದ್ದರು. ನಾಯಿ ಅನ್ನುವುದು ಬರೀ ಮಾತಿಗೆ. ಅದು ಕರುವಿನಷ್ಟಿತ್ತು, ಆಕಳಿಸಿದರೆ ಅಂಗಡಿಯೊಳಗೆ ಗಾಳಿ ನುಗ್ಗುತ್ತಿತ್ತು. ಒಂದು ದಿನ ಅದು ಅಳಿಯನ ಪ್ಯಾಂಟಿನ ತುದಿ ಹಿಡಿದು, ಯಾವ ಆತುರವೂ ಇಲ್ಲದೆ, ಮಂಡಿಯವರೆಗೂ ಹರಿಯಿತು. ಮರುದಿನ ಅಳಿಯ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಲಿಲ್ಲ. ಅವನ ಬದುಕಿನಲ್ಲಿ ಬ್ರೇಕ್ ಒತ್ತದೆ ದಾಟಿದ್ದು ಅದೊಂದೇ ಜಾಗ. ಬ್ರೆಡ್ ಸುತ್ತುವ ಕಾಗದದ ಒಂದು ಚೂರನ್ನು ಮಡಿಸಿ ಜೇಬಿಗಿಟ್ಟ. ಸಂಜೆ ನಂಬರು ಬರಲಿಲ್ಲ, ಕಾಗದ ಒಲೆಗೆ ಹೋಯಿತು, ಯಾರಿಗೂ ಏನೂ ತಿಳಿಯಲಿಲ್ಲ. ಅದರ ಮರುದಿನವೂ ಹಾಗೇ. ಚೀಟಿಗೆಂದು ಮಾವ ಕೊಟ್ಟ ದುಡ್ಡನ್ನು ಅವನು ಮುಟ್ಟಲಿಲ್ಲ. ವ್ಯಾನಿನ ಸೀಟಿನಡಿ ಒಂದು ಡಬ್ಬಿಯಲ್ಲಿ ಹಾಕುತ್ತ ಹೋದ. ತಿಂಗಳುಗಳು ಉರುಳಿದವು, ಡಬ್ಬಿ ಭಾರವಾಯಿತು, ಅದಕ್ಕಿಂತ ಭಾರವಾದದ್ದು ಅವನ ಎದೆ.

ಒಂದು ದಿನ ಮಾವನ ಲೆಕ್ಕಕ್ಕೆ ಬಂದ ನಂಬರು ನಾಲ್ಕು, ಒಂದು, ಏಳು. ಹಿಂದಿನ ಸಂಜೆ ರೇಡಿಯೋದಲ್ಲಿ ಬಂದದ್ದು ಒಂಬತ್ತು, ಆರು, ಒಂದು. ಜೋಡಿ ನಾಲ್ಕು, ಒಂದು, ಆರು. ಸೀದದ್ದು ಒಂದು ಬ್ರೆಡ್ಡು. ಮಾವ ಬೆಳಿಗ್ಗೆಯೇ ಇದು ತಪ್ಪುವ ನಂಬರಲ್ಲ ಅಂದಿದ್ದರು. ಗೆದ್ದರೆ ಹೊಸ ಒಲೆ, ನಾದುವವನಿಗೆ ಹೊಸ ಹಲ್ಲು, ಮಗಳಿಗೆ ಹೊಲಿಗೆ ಮೆಷಿನ್ನು ಎಂದು ಹಂಚಿಕೆಯೂ ಮುಗಿದಿತ್ತು.

ಸಂಜೆ ಎಲ್ಲರೂ ರೇಡಿಯೋದ ಸುತ್ತ ನಿಂತರು. ಮೊದಲ ಅಂಕಿ ನಾಲ್ಕು.

ನಾದುವವನು ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದ. ಎರಡನೆಯದು ಒಂದು. ಹೆಂಡತಿ ಅಳಿಯನ ತೋಳನ್ನು ಗಟ್ಟಿಯಾಗಿ ಹಿಡಿದಳು; ಸಂತೋಷಕ್ಕೆ. ಜೇಬಿನಲ್ಲಿದ್ದ ಖಾಲಿ ಕಾಗದ ಎದೆಯ ಮೇಲೆ ಕೆಂಡದ ಹಾಗೆ ಸುಡುತ್ತಿತ್ತು. ಮಾವನ ಕೈಯನ್ನೇ ನೋಡುತ್ತಿದ್ದ ಅವನು. ಆ ಕೈ ತನ್ನ ಕುತ್ತಿಗೆ ಹಿಡಿದು ಬೀದಿಗೆ ಎಸೆಯುವುದು, ಹೆಂಡತಿ ತಡೆಯದೆ ನಿಂತಿರುವುದು, ವ್ಯಾನಿನ ಕೀಲಿ ಬೇರೆಯವನ ಸೊಂಟದಲ್ಲಿರುವುದು, ಎಲ್ಲವೂ ಕಣ್ಣೆದುರು ನಡೆದುಹೋಯಿತು. ರೇಡಿಯೋ ಕೊರಕೊರ ಅಂದಿತು. ಆ ಕೊರಕೊರದಲ್ಲಿ ಒಂದು ಯುಗ ಕಳೆಯಿತು, ಎರಡು ರಾಜ್ಯಗಳು ಎದ್ದು ಬಿದ್ದವು.

ಮೂರನೆಯದು ಎರಡು.

ನಾದುವವನು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡ. ಅಳಿಯ ಹಿಟ್ಟಿನ ಮೂಟೆಯ ಮೇಲೆ ಕೂತ. ಮಾವ ಮಾತ್ರ ನಗುತ್ತಿದ್ದರು.

“ಏಳರ ಜೋಡಿ ಎರಡು ಕಣ್ರೋ. ನಂಬರು ಬಾಗಿಲ ತನಕ ಬಂದು ನಿಂತಿದೆ. ಇವತ್ತಿನ ಚೀಟಿ ಒಲೆಗೆ ಹಾಕೋದು ಬೇಡ, ಗೋಡೆಗೆ ಅಂಟಿಸ್ತೀನಿ. ಕೊಡಿ ಅಳಿಯಂದ್ರೇ.”

ಚಾಚಿದ ಕೈ ಬಾಗಿಲಷ್ಟು ಅಗಲವಿತ್ತು. ಅಳಿಯ ಜೇಬಿಗೆ ಕೈ ಹಾಕಿದ, ಕಾಗದ ತೆಗೆದ, ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

ಬ್ರೆಡ್ ಸುತ್ತುವ ಕಾಗದ ಬೇಗ ನುಂಗುವಂಥದ್ದಲ್ಲ, ಮೇಣ ಹಚ್ಚಿರುತ್ತಾರೆ. ಅವನು ಅಗಿದ, ಅಗಿದ, ಕಣ್ಣಲ್ಲಿ ನೀರು ಬಂದರೂ ಅಗಿದ.

“ಉಗೀರಿ,” ಅಂದಳು ಹೆಂಡತಿ.

ಉಗಿದ. ಅವಳು ಅದನ್ನು ಬಿಡಿಸಿ ನೋಡಿದಳು. ದಿನವಿಡೀ ಅದೇ ಕಾಗದದಲ್ಲಿ ಬ್ರೆಡ್ಡು ಸುತ್ತುವವಳಿಗೆ ಯಾರೂ ಗುರುತು ಹೇಳಿಕೊಡಬೇಕಿರಲಿಲ್ಲ.

“ಚೀಟಿ ಇಲ್ಲ, ಮಾವ,” ಅಂದ ಅಳಿಯ. “ಎಷ್ಟೋ ದಿನದಿಂದ ಇಲ್ಲ. ಅಲ್ಲೊಂದು ನಾಯಿ ಇದೆ.”

ನಾದುವವನಿಗೆ ನಗು ತಡೆಯಲಾಗಲಿಲ್ಲ. ಮಾವ ತಿರುಗಿ ನೋಡಿದ್ದೇ ಆ ನಗು ಗಂಟಲಲ್ಲೇ ಸತ್ತಿತು. ಅಳಿಯ ಓಡಿ ಹೋಗಿ ಡಬ್ಬಿ ತಂದು ಮೇಜಿನ ಮೇಲಿಟ್ಟ. ಮಾವ ಅದನ್ನು ತೆರೆಯಲೂ ಇಲ್ಲ. ನಾಳೆಯೂ ಇದೇ ನಂಬರು, ನಡೆದುಕೊಂಡು ಹೋಗಬೇಕು, ಚೀಟಿ ಬಿಡಿಸಿ ತೋರಿಸಬೇಕು, ಚೀಟಿ ತರದಿದ್ದರೆ ಬೇಕರಿಗೂ ಬರಬೇಡ, ಮನೆಗೂ ಬರಬೇಡ ಎಂದು ಮೆಲ್ಲಗೆ ಹೇಳಿ ಒಲೆಯ ಕಡೆ ತಿರುಗಿದರು. ಮಾವ ಮೆಲ್ಲಗೆ ಮಾತಾಡಿದ್ದನ್ನು ಆ ಬೇಕರಿಯ ಗೋಡೆಗಳೂ ಅದುವರೆಗೆ ಕೇಳಿರಲಿಲ್ಲ.

ಮರುದಿನ ಅಳಿಯ ಒಂದು ಬ್ರೆಡ್ಡನ್ನು ಗುರಾಣಿಯಂತೆ ಎದೆಗೆ ಒತ್ತಿಕೊಂಡು ಹೊರಟ. ನಾಯಿ ಎದ್ದಿತು. ಇವನು ಕಣ್ಣು ಮುಚ್ಚಿ ಬ್ರೆಡ್ಡನ್ನು ಚಾಚಿದ. ಕೈಯಿಂದ ಭಾರ ಹೋಯಿತು. ಬೆರಳುಗಳನ್ನು ಎಣಿಸಿಕೊಂಡ, ಎಲ್ಲ ಇದ್ದವು. ಚೀಟಿ ಕೊಂಡ. ಸಂಜೆ ಬಿಡಿಸಿ ಎಲ್ಲರಿಗೂ ತೋರಿಸಿದ. ರೇಡಿಯೋ ಎಂಟು, ಸೊನ್ನೆ, ಮೂರು ಅಂದಿತು. ನಾಲ್ಕರ ನೆಂಟನೂ ಇಲ್ಲ, ಏಳರ ನೆಂಟನೂ ಇಲ್ಲ.

ಮಾವ ಬಹಳ ಹೊತ್ತು ಹಿಟ್ಟಿನಲ್ಲಿ ಬೆರಳಾಡಿಸಿದರು. ಆಮೇಲೆ ಅವರ ಮುಖ ಹೊಸ ಒಲೆ ಬಂದವರ ಹಾಗೆ ಬೆಳಗಿತು.

“ಇಷ್ಟು ದಿನ ಚೀಟಿ ಇರಲಿಲ್ಲ, ನಂಬರು ಬಾಗಿಲಿಗೆ ಬಂತು. ಇವತ್ತು ಚೀಟಿ ಇದೆ, ಓಡಿಹೋಯ್ತು. ಚೀಟಿ ಕಂಡ್ರೆ ಅದಕ್ಕೆ ಭಯ. ಇನ್ಮೇಲೆ ನೀವು ಕೊಳ್ಳಬೇಡಿ. ಮೊದಲು ಅದು ನಮ್ಮನ್ನ ನಂಬಿ ಪೂರ್ತಿ ಒಳಗೆ ಬರಲಿ. ಒಂದು ಸಲ ಬಂದ್ಮೇಲೆ ನೋಡ್ಕೊಳ್ಳೋಣ.”

“ಬ್ರೇಕಿಗೆ ತಕ್ಕ ಕೆಲಸ ಸಿಕ್ತು,” ಅಂದಳು ಹೆಂಡತಿ.

ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಮನೆ ಉಳಿಯಿತು, ವ್ಯಾನ್ ಉಳಿಯಿತು. ಆದರೆ ಆ ಎರಡಂಕಿ ಸರಿಬಂದ ಸಂಜೆ ಅವನ ಮೈಯಿಂದ ಇಳಿದಿರಲಿಲ್ಲ. ಚೀಟಿಯಿಲ್ಲದ ದಿನವೇ ನಂಬರು ಪೂರ್ತಿ ಒಳಗೆ ಬಂದುಬಿಟ್ಟರೆ? ಆಗ ಮಾವನ ಕೈಗೆ ತಮ್ಮದೇ ಅಪ್ಪಣೆ ನೆನಪಿರುತ್ತದೆಯೇ?

ಅದಕ್ಕೇ ಈಗ ಅವನು ದಿನಾ ಒಂದು ಬ್ರೆಡ್ಡು ಕೊಟ್ಟು ನಾಯಿಯನ್ನು ದಾಟಿ, ತನ್ನ ಸ್ವಂತ ದುಡ್ಡಿನಲ್ಲಿ, ಮಾವನ ನಂಬರಿನ ಚೀಟಿ ಕೊಳ್ಳುತ್ತಾನೆ. ಮಡಿಸಿ ಕಾಲುಚೀಲದೊಳಗೆ ಇಡುತ್ತಾನೆ. ನಂಬರು ಬಂದರೆ ಅದನ್ನು ಹೊರಗೆ ತೆಗೆಯಲೇಬೇಕು, ಆಗ ಅಪ್ಪಣೆ ಮೀರಿದ್ದೂ ಬಯಲಾಗುತ್ತದೆ. ಸಂಜೆ ರೇಡಿಯೋದ ಮುಂದೆ ಎಲ್ಲರ ಜೊತೆ ನಿಂತು, ಹಿಮ್ಮಡಿಯ ಕೆಳಗೆ ಚೀಟಿಯನ್ನು ಅದುಮಿಕೊಂಡು, ಈ ನಂಬರು ಬಾರದಿರಲಿ ಎಂದು ಅವನು ಬೇಡಿಕೊಳ್ಳುವಷ್ಟು ಭಕ್ತಿಯಿಂದ ಯಾವ ಸನ್ಯಾಸಿಯೂ ಬೇಡಿಕೊಂಡಿರಲಾರ.