ಎಬ್ನರನಿಗೆ ಹೆಗಲು

ಎಬ್ನರ್ ರೈಸ್ಟ್ರಿಕ್ ಸತ್ತ ಸುದ್ದಿಯನ್ನು ನಮ್ಮ ಮನೆಗೆ ತಂದವಳು ಅವನ ಮಗಳು ತಮಾರಳೇ. ಬೇರೆ ಯಾರೂ ಎಬ್ನರನ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ನಾನು ಅಂಗಳದಲ್ಲಿ ಕೋಳಿಗಳಿಗೆ ಕಾಳು ಎರಚುತ್ತಿದ್ದೆ. ಅವಳು ಗೇಟಿನ ಆಚೆಯೇ ನಿಂತು, ತಲೆಗೆ ಕಟ್ಟಿದ್ದ ಕರಿಬಟ್ಟೆಯನ್ನು ಸರಿಪಡಿಸಿಕೊಂಡು, "ಎಸ್ತರ್, ನಿಮ್ಮ ಮಾವ ಇದಾರಾ?" ಎಂದಳು.

ನನ್ನ ಗಂಡ ಸತ್ತ ಮೇಲೆ ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕಾಳಿನ ಬಟ್ಟಲನ್ನು ಕಲ್ಲುಗೋಡೆಯ ಮೇಲೆ ಕುಕ್ಕಿ ಒಳಗೆ ಹೋದೆ.

ಕ್ರೇಕ್‌ಗಿಲ್‌ಗೆ ನಾನು ಸೊಸೆಯಾಗಿ ಬಂದವಳು. ಹೊಳೆಯ ದಂಡೆಗೆ ಅಂಟಿಕೊಂಡ ಬೆರಳೆಣಿಕೆಯ ಮನೆಗಳು, ಅವುಗಳ ಬೆನ್ನಿಗೆ ಬೋಳುಗುಡ್ಡ, ಗುಡ್ಡದ ತುಂಬ ಕುರಿ. ಅಂಗಡಿಯಿಲ್ಲ, ಚರ್ಚಿಲ್ಲ. ಮದುವೆಗೂ ಮಣ್ಣಿಗೂ ಗುಡ್ಡದಾಚೆಯ ಥಾರ್ನ್‌ಬೆಕ್‌ಗೇ ಹೋಗಬೇಕು. ನನ್ನ ಗಂಡ ನೆಡ್ ಅಲ್ಲಿಯೇ ಮಲಗಿದ್ದಾನೆ. ಎಬ್ನರನ ಕೊಬ್ಬಿದ ಕುರಿಗಳು ಕೆಲವು ಒಂದು ಶರತ್ಕಾಲದಲ್ಲಿ ಕಾಣೆಯಾದವು. ನೆಡ್ ಅವುಗಳ ಗುರುತು ಅಳಿಸಿ ಸಂತೆಯಲ್ಲಿ ಮಾರಿದ ಎಂದು ಎಬ್ನರ್ ದೂರು ಕೊಟ್ಟ. ತಾನು ಕಣ್ಣಾರೆ ಕಂಡೆನೆಂದು ತಮಾರ್ ಬೈಬಲ್ ಮುಟ್ಟಿ ಸಾಕ್ಷಿ ಹೇಳಿದಳು. ನೆಡ್ ಆ ಚಳಿಗಾಲವನ್ನು ಜೈಲಿನಲ್ಲಿ ಕಳೆದು, ಕೆಮ್ಮು ಹೊತ್ತುಕೊಂಡು ಬಂದ. ಮುಂದಿನ ಹುಲ್ಲು ಕೊಯ್ಲಿಗೆ ಅವನಿರಲಿಲ್ಲ.

ಅವನು ಕದ್ದಿಲ್ಲವೆಂದು ನಂಬಿದವರು ಇಡೀ ಊರಲ್ಲಿ ನಾವಿಬ್ಬರೇ, ನಾನು ಮತ್ತು ಮಾವ. ಎಬ್ನರನನ್ನು ಮಾತ್ರ ಎಲ್ಲರೂ ದ್ವೇಷಿಸುತ್ತಿದ್ದರು, ಅವರವರ ಕಾರಣಕ್ಕೆ. ಬಡಗಿ ಸೆತ್ ಲಪ್ಟನ್‌ನ ನಾಯಿಗೆ ಅವನು ವಿಷ ಹಾಕಿದ್ದ. ಡಿನ್ಸ್‌ಡೇಲ್ ಅಣ್ಣತಮ್ಮಂದಿರ ಹುಲ್ಲುಗಾವಲಿಗೆ ಹೋಗುವ ದಾರಿಗೆ ಗೋಡೆ ಕಟ್ಟಿದ್ದ. ಸೆತ್‌ನ ಹೆಂಡತಿ ಮಾರ್ಜರಿಯನ್ನು ತುಂಬಿದ ಸಭೆಯಲ್ಲಿ ಹಂದಿ ಎಂದಿದ್ದ.

ಮಾವ ಬಾಗಿಲಿಗೆ ಬಂದರು. ಜೇಬೆಜ್ ಆಲ್ಡರ್ಸನ್ ಎಂದರೆ ಎಪ್ಪತ್ತರಲ್ಲೂ ಕುರಿಯನ್ನು ಒಂದೇ ಕೈಯಲ್ಲಿ ಎತ್ತುವ ಆಳು.

"ಅಪ್ಪ ಹೋದ. ಹೆಗಲು ಬೇಕು," ಎಂದಳು ತಮಾರ್. "ಹಿಮ ಕರಗಿ ಸೇತುವೆ ಕೊಚ್ಚಿಕೊಂಡು ಹೋಗಿದೆ, ಗಾಡಿ ಹೋಗಲ್ಲ. ಗುಡ್ಡದ ದಾರೀಲೇ ಹೊರಬೇಕು. ನಾಲ್ಕು ಜನ ಸಾಕು."

"ಬೇರೆಯೋರ ಮನೆಗೆ ಹೋಗಿದ್ಯಾ?"

"ಎಲ್ಲರ ಮನೆಗೂ."

"ಏನಂದ್ರು?"

"ಸೆತ್ ಪೆಟ್ಟಿಗೆ ಮಾಡಿ ಕೊಡ್ತಾನಂತೆ, ಹೊರಲ್ವಂತೆ. ಡಿನ್ಸ್‌ಡೇಲ್‌ನೋರು ಬಾಗಿಲೇ ತೆಗೀಲಿಲ್ಲ."

ಮಾವ ನಕ್ಕರು. ಕೇಳಲು ಚೆನ್ನಾಗಿರದ ನಗು. "ನನ್ನ ಮಗನ್ನ ಹೊತ್ತ ಹೆಗಲಿದು. ಇದರ ಮೇಲೆ ನಿಮ್ಮಪ್ಪನ್ನ ಕೂರಿಸ್ಕೋಬೇಕಾ? ಮಂಚದ ಮೇಲೇ ಕೊಳೀಲಿ ಬಿಡು."

ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಆಯ್ತು," ಎಂದು ತಿರುಗಿ ಹೊರಟಳು. ನನಗೆ ಹೊಟ್ಟೆ ತಣ್ಣಗಾಯಿತು. ಅವಳು ಅಳಲಿಲ್ಲವಲ್ಲ ಎನ್ನುವುದೊಂದೇ ಕೊರತೆ.

ಮರುದಿನ ಬೆಳಿಗ್ಗೆ ಮಾರ್ಜರಿ ಖಾಲಿ ಕೊಡ ಬಡಿಯುತ್ತಾ ಬೀದಿಗೆ ಓಡಿ ಬಂದಳು. "ಬನ್ರೋ, ಬಂದು ನೋಡ್ರೋ! ಆ ಮಾಟಗಾತಿ ಬುಗ್ಗೆ ಹತ್ರ ಗುಂಡಿ ತೋಡ್ತಿದಾಳೆ!"

ಊರಿಗೆಲ್ಲ ಕುಡಿಯುವ ನೀರು ಬರುವುದು ಒಂದೇ ಬುಗ್ಗೆಯಿಂದ. ಅದು ಹುಟ್ಟುವುದು ರೈಸ್ಟ್ರಿಕ್‌ನವರ ಮೇಲುಹೊಲದ ಬುಡದಲ್ಲಿ. ನಾವೆಲ್ಲ ಏದುಸಿರು ಬಿಡುತ್ತಾ ಹತ್ತಿ ಹೋದಾಗ, ಬುಗ್ಗೆಗೆ ಸರಿಯಾಗಿ ಮೇಲ್ಗಡೆ, ಸೊಂಟದಾಳದ ಗುಂಡಿಯಲ್ಲಿ ನಿಂತು ತಮಾರ್ ಸಲಿಕೆಯಿಂದ ಮಣ್ಣೆತ್ತಿ ಹಾಕುತ್ತಿದ್ದಳು. ಕೈಗಳಿಗೆ ಸುತ್ತಿದ್ದ ಬಟ್ಟೆಯಲ್ಲಿ ರಕ್ತ ಕಾಣುತ್ತಿತ್ತು.

"ನಮ್ಮ ನೀರಿಗೆ ಹೆಣ ಹಾಕ್ತೀಯೇನೇ?" ಮಾರ್ಜರಿ ಕಿರುಚಿದಳು.

"ಹೊಲ ನಂದು, ಮಾರ್ಜರಿ. ಹೆಣಾನೂ ನಂದೇ."

"ಪೊಲೀಸಿನೋರನ್ನ ಕರೆಸ್ತೀವಿ!" ಎಂದ ಸೆತ್.

"ಕರೆಸು. ಸೇತುವೆ ಇಲ್ಲ. ಅವರು ಸುತ್ತಿ ಬಳಸಿ ಬರೋ ಹೊತ್ತಿಗೆ ಮಣ್ಣು ಮುಚ್ಚಿ ಮುಗಿಸಿರ್ತೀನಿ. ಆಮೇಲೆ ಅವನನ್ನ ಎತ್ತೋಕೆ ಸರ್ಕಾರದ ಅಪ್ಪಣೆ ಬೇಕು. ಅದು ಬರೋ ಹೊತ್ತಿಗೆ ಬೇಸಿಗೆ ಬಂದ್ಬಿಡುತ್ತೆ."

ಹಿರಿಯ ಡಿನ್ಸ್‌ಡೇಲ್ ಒಂದು ಕಲ್ಲೆತ್ತಿಕೊಂಡ. ಅವನು ಎಸೆಯುತ್ತಿದ್ದನೋ ಏನೋ. ಅಷ್ಟರಲ್ಲಿ ಮಾವ ಜನರನ್ನು ಸರಿಸಿಕೊಂಡು ಗುಂಡಿಯ ಅಂಚಿಗೆ ಬಂದು ನಿಂತರು. ಅವಳು ಸಲಿಕೆ ನಿಲ್ಲಿಸಲಿಲ್ಲ. ಒಂದು ಸಲ ಮಣ್ಣು ಅವರ ಬೂಟಿನ ಮೇಲೇ ಬಿತ್ತು.

"ಥೇಟ್ ಅಪ್ಪನ ಮಗಳು," ಎಂದರು ಮಾವ. "ಸಲಿಕೆ ಬಿಡು. ಹೊರ್ತೀವಿ."

"ಜೇಬೆಜ್!" ಎಂದ ಸೆತ್.

"ಬಾಯ್ಮುಚ್ಚು ಸೆತ್. ನಿನ್ನ ಟೀಗೆ ಎಬ್ನರನ್ನ ಬೆರೆಸ್ಕೊಂಡು ಕುಡೀತೀಯಾ?" ಮತ್ತೆ ತಮಾರಳ ಕಡೆ ತಿರುಗಿದರು. "ಪುಕ್ಕಟೆ ಹೊರಲ್ಲ. ಚರ್ಚಿನ ಅಂಗಳದಲ್ಲಿ, ಪಾದ್ರಿ ಎದುರಿಗೆ, ಇವರೆಲ್ಲರ ಎದುರಿಗೆ ನೆಡ್ ವಿಷಯ ನಿಜ ಹೇಳ್ಬೇಕು. ನಿಜ ಏನು ಅಂತ ನಾನು ಹೇಳ್ಕೊಡಲ್ಲ. ನಿಂಗೆ ಗೊತ್ತು."

ಆಗ ಅವಳ ಸಲಿಕೆ ನಿಂತಿತು.

"ಹೇಳದೇ ಇದ್ರೆ?"

"ಪೆಟ್ಟಿಗೆ ಗುಡ್ಡದ ಮೇಲೇ ಬಿಟ್ಟು ಬರ್ತೀವಿ. ಕಾಗೆಗಳಿಗೂ ಹಬ್ಬ ಆಗ್ಲಿ."

"ಹೇಳ್ತೀನಿ," ಎಂದಳು ಅವಳು.

ಥಾರ್ನ್‌ಬೆಕ್‌ನ ಪಾದ್ರಿಗೆ ಮೊದಲೇ ಹುಡುಗನೊಬ್ಬನ ಕೈಲಿ ಸುದ್ದಿ ಕಳಿಸಿ, ಅಂದೇ ಹೊರಟೆವು. ಮುಂದೆ ಮಾವ ಮತ್ತು ಸೆತ್, ಹಿಂದೆ ಡಿನ್ಸ್‌ಡೇಲ್ ಅಣ್ಣತಮ್ಮಂದಿರು. ಪೆಟ್ಟಿಗೆಯ ಹಿಂದೆ ತಮಾರ್. ಅವಳಿಗೆ ಸೋಕದಂತೆ ದೂರ ಬಿಟ್ಟು ನಾನು, ಮಾರ್ಜರಿ, ಇನ್ನೊಂದಿಬ್ಬರು ಹೆಂಗಸರು. ನಾವು ಹೋದದ್ದು ಗೌರವಕ್ಕಲ್ಲ, ಅವಳು ಮಾತು ಉಳಿಸಿಕೊಳ್ಳುತ್ತಾಳೋ ಇಲ್ಲವೋ ನೋಡಲು. ಅಂಥ ಶವಯಾತ್ರೆಯನ್ನು ನಾನು ಮತ್ತೆಂದೂ ಕಂಡಿಲ್ಲ. ಪ್ರಾರ್ಥನೆಯಿಲ್ಲ, ಹಾಡಿಲ್ಲ. ದಾರಿಯುದ್ದಕ್ಕೂ ಬೈಗುಳ.

"ಸತ್ರೂ ತೂಕ ಇಳಿದಿಲ್ಲ ನೋಡು ಮುದುಕಂದು," ಎಂದ ಕಿರಿಯ ಡಿನ್ಸ್‌ಡೇಲ್.

"ನಮ್ಮ ಹುಲ್ಲುಗಾವಲು ನುಂಗಿದ್ದಾನಲ್ಲ, ಅದರ ತೂಕ ಕಣೋ," ಎಂದ ಅವನ ಅಣ್ಣ.

ತಮಾರ್ ಎಲ್ಲವನ್ನೂ ಕೇಳಿಸಿಕೊಂಡು ನಡೆಯುತ್ತಿದ್ದಳು.

ಗುಡ್ಡದ ನೆತ್ತಿಯಲ್ಲಿ ದಾರಿ ಜೌಗಿನ ನಡುವೆ ಹಾಯುತ್ತದೆ. ಹಿಮ ಕರಗಿದ ಕಾಲ. ಎಲ್ಲಿ ಗಟ್ಟಿ, ಎಲ್ಲಿ ಕೆಸರು ಎಂದು ಕುರಿಗಳಿಗೂ ತಿಳಿಯದು. ಸೆತ್‌ನ ಕಾಲು ಮಂಡಿಯವರೆಗೆ ಹೂತುಹೋಯಿತು. ಪೆಟ್ಟಿಗೆ ವಾಲಿ, ಒಳಗಿನ ದೇಹ ದಡಕ್ಕನೆ ಒಂದು ಬದಿಗೆ ಹೊರಳಿದ ಸದ್ದು ಎಲ್ಲರಿಗೂ ಕೇಳಿಸಿತು. ಹೇಗೋ ಕೆಳಗಿಳಿಸಿದರು. ಸೆತ್ ಕಾಲು ಕಿತ್ತುಕೊಂಡ, ಬೂಟು ಒಳಗೇ ಉಳಿಯಿತು.

"ಸಾಕು! ಸೈತಾನನೇ ಬಂದು ಹೊತ್ಕೊಂಡು ಹೋಗ್ಲಿ, ಹೆಂಗೂ ಅವನ ಸ್ವತ್ತು," ಎಂದು ಕೂಗಾಡಿದ. ಮಾವ ಕರೆದರೂ ಕೇಳದೆ, ಒಂದು ಕಾಲಿಗೆ ಬೂಟು, ಒಂದಕ್ಕೆ ಬರೀ ಕಾಲುಚೀಲ, ಕುಂಟುತ್ತಾ ವಾಪಸು ಹೊರಟೇಬಿಟ್ಟ. ಮಾರ್ಜರಿಯೂ ಅವನ ಹಿಂದೆ ಹೋದಳು.

ತಮಾರ್ ಸೆತ್ ಬಿಟ್ಟ ಮೂಲೆಗೆ ಕೈ ಹಾಕಲು ಬಂದಳು. ಸಲಿಕೆ ಹಿಡಿದು ಸುಲಿದ ಅವಳ ಅಂಗೈ ಮುಚ್ಚಲೂ ಬರುತ್ತಿರಲಿಲ್ಲ. ಗಾಳಿ ಏಳತೊಡಗಿತ್ತು, ಆಲಿಕಲ್ಲಿನ ಮಳೆ ಶುರುವಾಗುವ ಗಾಳಿ. ಮಾವನ ತುಟಿ ನೀಲಿಗಟ್ಟಿದ್ದನ್ನು ನೋಡಿದೆ.

"ಆಚೆ ಸರಿ," ಎಂದು ಅವಳನ್ನು ಪಕ್ಕಕ್ಕೆ ತಳ್ಳಿದೆ. ಮಾವನ ಪಕ್ಕಕ್ಕೆ ಕಿರಿಯ ಡಿನ್ಸ್‌ಡೇಲ್‌ನನ್ನು ಕಳಿಸಿ, ಅವನು ಬಿಟ್ಟ ಹಿಂದಿನ ಮೂಲೆಗೆ ನಾನು ಹೆಗಲು ಕೊಟ್ಟೆ.

"ನೀನು ಬೇಡ ಎಸ್ತರ್," ಎಂದರು ಮಾವ ಮುಂದಿನಿಂದ. "ನೀನು ಇವನನ್ನ ಹೊರೋದಾ?"

"ನಿಮ್ಮ ಹೆಗಲು ಕಳಚಿದ್ರೆ ಕುರಿ ನೋಡೋರು ಯಾರು? ನಡೀರಿ."

ಕರುಣೆಯಿಂದ ಕೊಟ್ಟ ಹೆಗಲಲ್ಲ ಅದು. ಪ್ರತಿ ಹೆಜ್ಜೆಗೂ ಪೆಟ್ಟಿಗೆಯ ಅಂಚು ನನ್ನ ಕೊರಳ ಮೂಳೆಯನ್ನು ಕೊರೆಯುತ್ತಿತ್ತು. ಪ್ರತಿ ಹೆಜ್ಜೆಗೂ ನೆಡ್‌ನ ಕೆಮ್ಮು ಕಿವಿಯಲ್ಲಿ ಕೇಳುತ್ತಿತ್ತು. ತಮಾರ್ ನನ್ನ ಬೆನ್ನ ಹಿಂದೆಯೇ ಇದ್ದಳು. ತಿರುಗದೆ ಕೇಳಿದೆ: "ಅವನು ಕದ್ದಿಲ್ಲ ಅಂತ ಯಾವಾಗಿಂದ ಗೊತ್ತು ನಿಂಗೆ?"

ಉತ್ತರ ಗಾಳಿಯ ಜೊತೆಗೆ ಬಂತು.

"ಕೋರ್ಟಿಗೆ ಹೋಗೋಕೂ ಮುಂಚೆ. ಕುರಿಗಳು ಇದೇ ಜೌಗಲ್ಲಿ ಮುಳುಗಿದ್ವು. ಒಂದರ ಕೊಂಬು ಮೇಲೆ ಕಾಣ್ತಿತ್ತು. ಬಂದು ಅಪ್ಪನಿಗೆ ಹೇಳ್ದೆ."

"ಅವನೇನಂದ?"

"ದೂರು ಕೊಟ್ಟಾಗಿದೆ, ಈಗ ಊರೆದುರು ಸುಳ್ಳುಗಾರ ಅನ್ನಿಸ್ಕೊಳ್ಳಲ್ಲ ಅಂದ. ಅವತ್ತೇ ಹೋಗಿ ಕೊಂಬು ತುಳಿದು ಒಳಗೆ ತಳ್ಳಿ ಬಂದ."

"ನೀನು?"

"ನಂಗೆ ಅವನ ಮನೇಲಿ ಬದುಕಬೇಕಿತ್ತು, ಎಸ್ತರ್. ಬೇರೆ ಎಲ್ಲಿಗೆ ಹೋಗ್ಲಿ?"

"ನೆಡ್ ಎಲ್ಲಿಗೆ ಹೋದ ಗೊತ್ತಲ್ಲ?"

ಒಂದು ಕ್ಷಣ ಹೆಗಲು ಜಾರಿಸಿಬಿಡೋಣ ಎನ್ನಿಸಿತು. ಅಪ್ಪ ಮಗಳಿಬ್ಬರೂ ಅದೇ ಕೆಸರಿಗೆ ಹೋಗಲಿ. ನನ್ನ ಪಕ್ಕದಲ್ಲಿದ್ದ ಹಿರಿಯ ಡಿನ್ಸ್‌ಡೇಲ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಬೈಗುಳ ಅಲ್ಲಿಗೆ ನಿಂತಿತು.

ಥಾರ್ನ್‌ಬೆಕ್‌ನಲ್ಲಿ ಪಾದ್ರಿ ಸಮಾಧಿಯ ಪಕ್ಕ ನಡುಗುತ್ತಾ ಕಾದಿದ್ದರು. ಪ್ರಾರ್ಥನೆ ಮುಗಿಯಿತು, ಪೆಟ್ಟಿಗೆ ಇಳಿಯಿತು. ಪಾದ್ರಿ ಪುಸ್ತಕ ಮಡಚುವಾಗ ಮಾವ ಕೈಯೆತ್ತಿದರು. "ಸ್ವಾಮಿ, ಇನ್ನೊಂದು ಕೆಲಸ ಬಾಕಿ ಇದೆ." ತಮಾರಳನ್ನು ನೋಡಿದರು.

ಅವಳು ಗುಂಡಿಯ ತಲೆಯ ಕಡೆ ನಿಂತು, ಗಟ್ಟಿಯಾಗಿ, ಸಂತೆಯಲ್ಲಿ ಕುರಿ ಕೂಗುವವರ ಧ್ವನಿಯಲ್ಲಿ ಹೇಳಿದಳು: "ನೆಡ್ ಆಲ್ಡರ್ಸನ್ ಕುರಿ ಕದ್ದಿಲ್ಲ. ಅವು ಜೌಗಲ್ಲಿ ಸತ್ತಿದ್ವು. ನನ್ನಪ್ಪ ಸುಳ್ಳು ಹೇಳಿದ. ಬೈಬಲ್ ಮುಟ್ಟಿ ನಾನೂ ಸುಳ್ಳು ಹೇಳಿದೆ."

ಕಿರಿಯ ಡಿನ್ಸ್‌ಡೇಲ್ ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ. ಜೈಲಿನಿಂದ ಬಂದ ವರ್ಷ ನೆಡ್‌ನನ್ನು ಉಣ್ಣೆ ಕತ್ತರಿಸುವ ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಡಿನ್ಸ್‌ಡೇಲ್‌ನವರ ಕೊಟ್ಟಿಗೆಗೆ ತಾನಾಗಿ ಹೋದವನನ್ನು, ಕತ್ತರಿ ಎಣಿಸಿಕೊಳ್ಳಿ, ಕಳ್ಳ ಬಂದ ಎಂದು ನಕ್ಕು ಕಳಿಸಿದ್ದರು.

ಮಾವ ಕಾದಿದ್ದ ಮಾತು ಅದು. ಅದನ್ನು ಕೇಳಿದ ಮೇಲೆ ಅವರ ಮುಖ ಅರಳುತ್ತದೆಂದು ನಾನು ಅಂದುಕೊಂಡಿದ್ದೆ. ಅವರು ಇದ್ದಕ್ಕಿದ್ದಂತೆ ಮುದುಕರಾಗಿ ಕಂಡರು. "ಮುಚ್ಚಿ," ಎಂದಷ್ಟೇ ಗುಂಡಿ ತೋಡುವವನಿಗೆ ಹೇಳಿ, ನೆಡ್ ಮಲಗಿದ್ದ ಮೂಲೆಗೂ ಹೋಗದೆ, ನೇರ ಗೇಟಿನ ಕಡೆ ನಡೆದರು.

ಭಾನುವಾರ ಥಾರ್ನ್‌ಬೆಕ್‌ನಲ್ಲಿ ಪಾದ್ರಿ ಪ್ರವಚನದ ಮಧ್ಯೆ ನೆಡ್‌ನ ಹೆಸರೆತ್ತಿ, ಅವನು ನಿರಪರಾಧಿ ಎಂದು ಸಾರಿದರು. ಅಂದು ಮಧ್ಯಾಹ್ನ ಸೆತ್ ಮತ್ತು ಮಾರ್ಜರಿ ನಮ್ಮ ಬಾಗಿಲಿಗೆ ಬಂದರು. ಮಾರ್ಜರಿಯ ಕೈಯಲ್ಲಿ ಬಟ್ಟೆ ಮುಚ್ಚಿದ ಕೇಕ್.

"ನಮಗೆ ಯಾವತ್ತೂ ಅನುಮಾನ ಇತ್ತು ಜೇಬೆಜ್," ಎಂದ ಸೆತ್. "ನೆಡ್ ಅಂಥವನಲ್ಲ ಅಂತ ನಾನು ಇವಳಿಗೆ ಹೇಳ್ತಾನೇ ಇದ್ದೆ."

"ಹೌದಾ?" ಎಂದರು ಮಾವ. "ಅವನು ಹಾಸಿಗೆ ಹಿಡಿದಾಗ ಎಸ್ತರ್ ಹಾಲು ಕೇಳೋಕೆ ನಿಮ್ಮ ಮನೆಗೆ ಬಂದಿದ್ಲು. ಹಸು ಬತ್ತಿದೆ ಅಂದ್ರಿ. ಬೆಣ್ಣೆ ಕಡಿಯೋ ಸದ್ದು ಬೀದಿಗೆ ಕೇಳ್ತಿತ್ತು."

"ಅಯ್ಯೋ, ಅದೆಲ್ಲ ಈಗ್ಯಾಕೆ..." ಎಂದಳು ಮಾರ್ಜರಿ.

"ಆ ರೈಸ್ಟ್ರಿಕ್ ಹುಡುಗಿಯಾದ್ರೂ ತಾನು ಮಾಡಿದ್ದು ಬಾಯಿ ಬಿಟ್ಟು ಹೇಳಿದ್ಲು. ನೀವು ಕೇಕ್ ತಂದಿದೀರಿ. ಎತ್ಕೊಂಡು ಹೋಗ್ರಿ. ನನ್ನ ಮೇಜಿನ ಮೇಲಿಟ್ರೆ ಹಂದಿಗೆ ಹಾಕ್ತೀನಿ."

ಅವರು ಹೋದ ಮೇಲೆ ಮಾವ ಒಲೆಯ ಮುಂದೆ ಕೂತರು. ನಾನು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ. ಅವರು ಬೆಂಕಿಯನ್ನೇ ನೋಡುತ್ತಾ, ನೆಡ್ ಚಿಕ್ಕವನಿದ್ದಾಗ ತಬ್ಬಲಿ ಮರಿಯೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಚರ್ಚಿಗೆ ಬಂದದ್ದು, ಎಲ್ಲರೂ ಮೊಣಕಾಲೂರಿದಾಗ ಅದು ಬ್ಯಾ ಎಂದದ್ದು, ಹಳೆಯ ಪಾದ್ರಿ ಸಿಟ್ಟಿನಲ್ಲಿ ಕನ್ನಡಕ ಬೀಳಿಸಿಕೊಂಡದ್ದು ಎಲ್ಲ ಹೇಳಿದರು. ಹೇಳುತ್ತಾ ನಕ್ಕರು. ಅವನನ್ನು ಮಣ್ಣು ಮಾಡಿದ ಮೇಲೆ ಮನೆಯಲ್ಲಿ ನಾವಿಬ್ಬರೂ ಅವನ ಹೆಸರು ಹೇಳಿರಲಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಕೂತು ಕೇಳಿದೆ.

ತಮಾರ್ ಊರು ಬಿಡಲಿಲ್ಲ. ಅವಳ ಕುರಿ, ಅವಳ ಹೊಲ, ಒಬ್ಬಳೇ ಎಲ್ಲ ನೋಡಿಕೊಂಡಳು. ಮಾವ ದಾರಿಯಲ್ಲಿ ಕಂಡರೆ ಅವಳಿಗೆ ತಲೆಯಾಡಿಸುತ್ತಿದ್ದರು, ಅವರು ಸಾಯುವವರೆಗೂ. ಅದು ಅವರ ದೊಡ್ಡತನ. ನನ್ನ ಕೈಲಿ ಆಗಲಿಲ್ಲ. ಗುಡ್ಡದಲ್ಲಿ ಅವಳ ಮೇಲೆ ಎರಚಿದ ಮಾತೇ ಕೊನೆ. ಅವಳ ಮನೆ ಚಿಮಣಿಯ ಹೊಗೆ ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತದೆ. ನಾನು ಪರದೆ ಎಳೆದಿದ್ದೇನೆ.